ಮೂರು ವಾಯರು, ಒಂದು ಬಟ್ಟಲು ಅರಿಶಿನ

ಶೇವಂತಕ್ಕನ ಕಾರು ನನಗಿಂತ ಮೂರು ವರ್ಷ ದೊಡ್ಡದು. ಬಿಳಿ ಬಣ್ಣದ, ಮೂರು ಸಿಲಿಂಡರಿನ ಸಣ್ಣ ಕಾರು. ಏಕಸಂಬಿಯ ನಮ್ಮ ಓಣಿಗೆ ಅದು ತಿರುಗುವ ಮೊದಲೇ ಅದರ ಸದ್ದು ತಿರುಗಿರುತ್ತದೆ. ಆ ಸದ್ದು ಒಂದಿಷ್ಟು ಒರಟಾಯಿತೋ, ಮುಂದಿನ ಭಾನುವಾರ ಶೇವಂತಕ್ಕ ಅಂಗಳದ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಾನೆಟ್ಟು ತೆರೆಯುತ್ತಾಳೆ.

ಪಕ್ಕದಲ್ಲಿ ಒಂದು ಊಟದ ತಾಟು. ಅದರಲ್ಲಿ ನಟ್ಟು ಬಿಚ್ಚುವ ಪಾನಾಗಳು ಸಾಲಾಗಿ ಮಲಗಿರುತ್ತವೆ, ಸಣ್ಣದು ಮೊದಲು, ದೊಡ್ಡದು ಕೊನೆಗೆ, ಅವಳು ಕಲಿಸುವ ಅಂಗನವಾಡಿಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ. ಬ್ಯಾಟರಿಯ ತುದಿಯಲ್ಲಿ ಕಟ್ಟಿದ ಬಿಳಿ ಪುಡಿಗೆ ಒಂದು ತಂಬಿಗೆ ಕುದಿಯುವ ನೀರು ಬೀಳುತ್ತದೆ. ಏರ್ ಫಿಲ್ಟರ್ ಹೊರಗೆ ಬಂದು ಬೇವಿನ ಬೊಡ್ಡೆಗೆ ನಾಲ್ಕು ಪೆಟ್ಟು ತಿನ್ನುತ್ತದೆ. ಕಬ್ಬು ಸಾಗಿಸುವ ದಿನಗಳಲ್ಲಾದರೆ ಅದರಿಂದ ಉದುರುವ ಮಣ್ಣಿನಲ್ಲಿ ಒಂದು ಮೆಣಸಿನ ಸಸಿ ನೆಡಬಹುದು. ಆಮೇಲೆ ಮೂರು ಸ್ಪಾರ್ಕ್ ಪ್ಲಗ್ಗುಗಳು. ತಂತಿಯ ಬ್ರಶ್ಶಿನಿಂದ ಅವುಗಳ ಮಸಿ ತಿಕ್ಕಿ, ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನ ತುಂಡೊಂದನ್ನು ಪ್ಲಗ್ಗಿನ ಬಾಯಲ್ಲಿ ತೂರಿಸಿ ನೋಡುತ್ತಾಳೆ. ಬ್ಲೇಡು ಸಲೀಸಾಗಿ ಹೋಗಬೇಕು, ಆದರೆ ಜೋತಾಡಬಾರದು. ಹಾಗೆ ಹೋದಾಗ ಅವಳ ಮುಖದಲ್ಲಿ ಒಂದು ತೃಪ್ತಿ ಕಾಣುತ್ತದೆ, ಸೂಜಿಗೆ ಮೊದಲ ಸಲಕ್ಕೇ ದಾರ ಹೊಕ್ಕಾಗ ಕಾಣುವಂಥದು.

ಇದನ್ನು ಅವಳು ಕಲಿತದ್ದು ಸಿಟ್ಟಿನಿಂದ. ಏಳೆಂಟು ವರ್ಷದ ಹಿಂದೆ ಚಿಕ್ಕೋಡಿಯ ಒಂದು ಗ್ಯಾರೇಜಿಗೆ ಕಾರು ಒಯ್ದಿದ್ದಳಂತೆ. ಗಂಡ ಮುರಗೆಪ್ಪ ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮುರಗೆಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಬೇಕಾಗಿಯೂ ಇಲ್ಲ. ಮೇಸ್ತ್ರಿ ಬಾನೆಟ್ಟಿನೊಳಗೆ ಇಣುಕಿ, ಸ್ಟೇರಿಂಗ್ ಹಿಡಿದವಳನ್ನು ದಾಟಿ, ಹಿಂದಿನ ಸೀಟಿಗೆ ಹೇಳಿದನಂತೆ:

"ಸಾಹೇಬ್ರ, ಗಾಡಿ ಟ್ಯೂನಿಂಗ್ ಕೇಳಾಕತ್ತೈತ್ರಿ."

"ನನಗ್ಯಾಕ ಹೇಳ್ತೀರಿ?" ಅಂದನಂತೆ ಮುರಗೆಪ್ಪ. "ನಾ ಪ್ಯಾಸೆಂಜರ್ ಅದೀನಿ."

ಶೇವಂತಕ್ಕ ಒಂದು ಸ್ಟೂಲು ಎಳೆದುಕೊಂಡು ಮೇಸ್ತ್ರಿಯ ಎದುರು ಮೂರು ತಾಸು ಕೂತಳು. ಅವನು ಬಿಚ್ಚಿದ್ದನ್ನೆಲ್ಲ ಹಳೆಯ ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಚಿತ್ರ ಬರೆದುಕೊಂಡಳು. ಆಮೇಲೆ ಆ ಗ್ಯಾರೇಜಿನ ಮೆಟ್ಟಿಲು ಹತ್ತಲಿಲ್ಲ.

ನಾನು ಹೇಳಹೊರಟಿದ್ದು ಈ ವರ್ಷ ಫೆಬ್ರವರಿಯ ಒಂದು ದಿನದ ಮಾತು. ಶೇವಂತಕ್ಕನ ಅಣ್ಣ ಭರಮು ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದಾನೆ. ಇಪ್ಪತ್ತು ವರ್ಷದಿಂದ ಲೈನ್‌ಮನ್. ಅವನ ಮಗಳು ಸಪನಾ ನನ್ನ ಗೆಳತಿ. ಶೇವಂತಕ್ಕನಿಗೆ ಸ್ವಂತ ಮಕ್ಕಳಿಲ್ಲದ್ದರಿಂದ ಆ ಅಂಗಳದಲ್ಲಿ ಸಪನಾಗೆ ಇಬ್ಬರು ತಾಯಂದಿರು. ತಂದೆಯ ತಂಗಿಯನ್ನು ಅವಳು ಆತ್ಯಾ ಎಂದು ಕರೆಯುತ್ತಾಳೆ. ಸಪನಾಳ ಮದುವೆ ಸದಲಗಾದ ಹುಡುಗನ ಜೊತೆ ಗೊತ್ತಾಗಿತ್ತು. ಭಾನುವಾರ ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ ಲಗ್ನ, ಶನಿವಾರ ಮನೆಯಲ್ಲಿ ಅರಿಶಿನ.

ಲಗ್ನದ ದಿನ ಮದುಮಗಳನ್ನು ಕಾರ್ಯಾಲಯಕ್ಕೆ ತಾನೇ ಕರೆದೊಯ್ಯಬೇಕೆಂಬುದು ಶೇವಂತಕ್ಕನ ಒಂದೇ ಆಸೆ. ಸೀರೆ ಕೇಳಲಿಲ್ಲ, ಮಾನಪಾನದ ಉಡುಗೊರೆ ಕೇಳಲಿಲ್ಲ. ಗಾಡಿ ನಂದು, ಹೊಡೆಯುವವಳು ನಾನು, ಅಷ್ಟೇ. ಸಪನಾಗೂ ಅದೇ ಬೇಕಿತ್ತು.

ಭರಮುಗೆ ಬೇಕಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಹೋದ ತಿಂಗಳು ನಿಶ್ಚಿತಾರ್ಥದ ಸಾಖರಪುಡಿಗೆಂದು ಎಲ್ಲರೂ ಇದೇ ಕಾರಿನಲ್ಲಿ ಸದಲಗಾಕ್ಕೆ ಹೊರಟಾಗ ಅದು ಕಬ್ಬಿನ ಹೊಲದ ಬದಿಯಲ್ಲಿ ಕೆಮ್ಮಿ ನಿಂತುಬಿಟ್ಟಿತ್ತು. ಹೊಸ ಬಿಳಿ ಅಂಗಿ ತೊಟ್ಟ ಭರಮು ಅದನ್ನು ಅರ್ಧ ಕಿಲೋಮೀಟರು ನೂಕಿದ್ದ. ಬೀಗರ ಮನೆಯ ಫೋಟೋಗಳಲ್ಲೆಲ್ಲ ಅವನ ಎದೆಯ ಮೇಲೆ ಡಿಕ್ಕಿಯ ಧೂಳಿನ ಅಚ್ಚು ಬಂದಿದೆ.

ಶನಿವಾರ ಬೆಳಿಗ್ಗೆ ಅವನು ಏಣಿ ಹತ್ತಿ ಚಪ್ಪರಕ್ಕೆ ದೀಪದ ಸರ ಕಟ್ಟುತ್ತಿದ್ದ. ಕೆಳಗೆ ಶೇವಂತಕ್ಕ ಗೋಣಿಚೀಲ ಹಾಸುತ್ತಿದ್ದಳು.

"ಶೇವಂತಾ, ಸುಮ್ನ ಯಾಕ ಕೈ ಹೊಲಸ ಮಾಡ್ಕೊಂತಿ? ನಿಪ್ಪಾಣಿ ಗಾಡಿಯಂವಗ ಕೇಳೀನಿ. ದೊಡ್ಡ ಗಾಡಿ. ತಲಿ ಮ್ಯಾಲಿನ ಮಾಡ ತೆರಿತೈತಿ."

"ಮಾಡ ತೆರದು ಏನ್ ಮಾಡೂದೈತಿ? ಕೂಸು ತಲಿ ಹೊರಗ ಹಾಕ್ಕೊಂಡು ಹೋಗ್ಬೇಕೇನ, ಟೆಂಪೋದಾಗಿನ ಆಡಿನಂಗ?"

"ಆಡಿನಂಗ ಹೋದ್ರೂ ಹೋಗಿ ಮುಟ್ಟತಾಳ. ನಿನ್ನ ಗಾಡ್ಯಾಗ ಮುಟ್ಟೂದ ಗ್ಯಾರಂಟಿ ಇಲ್ಲ."

"ಒಂದ ಸಲ ನಿಂತೈತಿ, ಅಣ್ಣಾ."

"ಬೀಗ್ರ ಮುಂದ ಒಂದ ಸಲ ಸಾಕು. ಕರೆಂಟ ಹೋದ್ರ ಊರ ಮಂದಿ ಬೈತಾರ, ಇಪ್ಪತ್ತ ವರ್ಷ ಕೇಳ್ಕೊಂಡ ಬಂದೀನಿ. ಬೀಗ್ರ ಕಡಿಂದ ಬೈಸ್ಕೊಳ್ಳಾಕ ನನಗ ಇನ್ನೊಂದ ಜೋಡಿ ಕಿವಿ ಇಲ್ಲ."

ಅಷ್ಟರಲ್ಲಿ ಸಪನಾ ಬಾಗಿಲಿಗೆ ಬಂದು ನಿಂತಳು. ಅಪ್ಪನನ್ನು ಸುಮ್ಮನೆ ನೋಡಿದಳು. ಏಣಿಯ ಮೇಲಿದ್ದವನು ಎಲ್ಲಿ ನೋಡಬೇಕೋ ತಿಳಿಯದೆ ಬಲ್ಬುಗಳನ್ನು ಎಣಿಸತೊಡಗಿದ. ಕೊನೆಗೆ ಅಂದ:

"ಆತು. ಇವತ್ತ ನಾಕ ಗಂಟೆಕ್ಕ ಸದಲಗಾದ ಸೇತುವೆ ಮಟಾ ಹೋಗಿ ಬರೂದು. ನಾನೂ ಕುಂದರ್ತೀನಿ. ಎಲ್ಲೂ ನಿಲ್ಲಬಾರ್ದು. ಒಂದ ಸಲ ನಿಂತ್ರೂ ನಿಪ್ಪಾಣಿಗೆ ಫೋನ್ ಹಚ್ಚತೀನಿ. ಆಮ್ಯಾಲ ಅಳಬಾರ್ದು."

"ಯಾರು ಅಳ್ತಾರ ನೋಡೂಣು," ಅಂದಳು ಶೇವಂತಕ್ಕ. ಪಾನಾ ಎತ್ತಿಕೊಂಡಳು.

ಹನ್ನೆರಡಕ್ಕೆ ಪ್ಲಗ್ಗುಗಳು ಹೊರಗಿದ್ದವು. ಒಂದು ಗಂಟೆಗೆ ಫಿಲ್ಟರು ಪೆಟ್ಟು ತಿಂದು ಮುಗಿದಿತ್ತು. ಉಳಿದದ್ದು ಪ್ಲಗ್ಗುಗಳಿಗೆ ಸರದಿಯ ಮೇಲೆ ಕಿಡಿ ಹಂಚುವ ಕಪ್ಪು ಕ್ಯಾಪು. ಅದರ ತಲೆಯಿಂದ ಮೂರು ವಾಯರುಗಳು ಹೊರಟು ಮೂರು ಪ್ಲಗ್ಗುಗಳನ್ನು ಸೇರುತ್ತವೆ. ಯಾವ ವಾಯರು ಎಲ್ಲಿಗೆ ಅನ್ನುವುದು ತಪ್ಪಿದರೆ ಎಂಜಿನ್ನಿಗೆ ತಲೆ ಕೆಡುತ್ತದೆ. ಅದಕ್ಕೇ ಅವಳದೊಂದು ನಿಯಮವಿತ್ತು: ಒಂದು ಬಿಚ್ಚು, ಒರೆಸು, ಹಾಕು, ಆಮೇಲೆ ಇನ್ನೊಂದು. ಆದರೆ ಅವತ್ತು ಕ್ಯಾಪಿನ ಒಳಗೆ ಕರಿ ಕಟ್ಟಿತ್ತು, ಅದನ್ನು ಪೂರ್ತಿ ಕೈಗೆ ತೆಗೆದುಕೊಳ್ಳದೆ ಉಪಾಯವಿರಲಿಲ್ಲ. ಮೂರೂ ವಾಯರು ಒಟ್ಟಿಗೆ ಬಿಚ್ಚಬೇಕು. ಗುರುತಿಗೆ ದಾರ ಬೇಕು. ದಾರ ಮನೆಯೊಳಗೆ, ಮನೆ ತುಂಬ ಹೆಂಗಸರು. ಪಕ್ಕದ ಕಟ್ಟೆಯ ಮೇಲೆ ಮಾತ್ರ ಒಂದು ಬಟ್ಟಲು ಕಲಸಿದ ಅರಿಶಿನವಿತ್ತು.

ಶೇವಂತಕ್ಕ ಬೆರಳು ಅದ್ದಿದಳು. ಒಂದನೇ ವಾಯರಿಗೆ ಒಂದು ಬೊಟ್ಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಕ್ಯಾಪಿನ ತೂತುಗಳ ಪಕ್ಕಕ್ಕೂ ಹಾಗೇ. ಕರಿಯ ರಬ್ಬರಿನ ಮೇಲೆ ಹಳದಿ ಬೊಟ್ಟುಗಳು ಚೆಂದ ಕಂಡವು.

ಕ್ಯಾಪು ಒರೆಸಿ ಇಡುವಷ್ಟರಲ್ಲಿ ಒಳಗಿಂದ ಕೂಗು ಬಂತು. ಮೊದಲ ಅರಿಶಿನ ಆತ್ಯಾನೇ ಹಚ್ಚಬೇಕು, ಮದುಮಗಳು ಮಣೆಯ ಮೇಲೆ ಕೂತಾಗಿದೆ. ಶೇವಂತಕ್ಕ ಸೋಪು ಹಚ್ಚಿ ಕೈ ತೊಳೆದು ಓಡಿದಳು. ಬಾನೆಟ್ಟು ತೆರೆದೇ ಇತ್ತು.

ಒಳಗೆ ಏನೇನಾಯಿತೆಂದು ಪೂರ್ತಿ ಹೇಳಲಾರೆ. ಹಾಡು ಶುರುವಾಯಿತು. ಸಪನಾಳ ಗಲ್ಲಕ್ಕೆ ಬಿದ್ದ ಅರಿಶಿನ ಐದು ನಿಮಿಷದಲ್ಲಿ ಎಲ್ಲರ ಗಲ್ಲಕ್ಕೂ ಬಿತ್ತು. ಹಿತ್ತಲಲ್ಲಿ ಓಡಾಟ, ಜಾರಾಟ, ಯಾರದೋ ಬಳೆ ಒಡೆದ ಸದ್ದು. ಎಲ್ಲದರ ಮುಂದಾಳು ಎಪ್ಪತ್ತು ದಾಟಿದ ಗೌರಾ ಆಯಿ. ಓಣಿಯ ಯಾವ ಮದುವೆಯಲ್ಲೂ ಅವಳ ಮಾತೇ ಕಾನೂನು.

"ಉಳಿದ ಅರಿಷಿಣ ಚೆಲ್ಲಬಾರ್ದವಾ," ಎಂದು ಅವಳು ತಾಟು ಎತ್ತಿದಳು. "ಬಾಗಲಕ್ಕ ಹಚ್ಚರಿ, ಬೀಸುಕಲ್ಲಿಗೆ ಹಚ್ಚರಿ, ಆಕಳ ಕರಕ್ಕ ಹಚ್ಚರಿ. ಮದುಮಗಳು ಕುಂತ ಹೋಗೂ ಗಾಡಿಗೆ ಯಾರರ ಹಚ್ಚೀರೇನು?"

ಯಾರೂ ಹಚ್ಚಿರಲಿಲ್ಲ. ಏಳು ಜನ ಹೊರಗೆ ಓಡಿದೆವು. ಬಾಗಿಲುಗಳಿಗೆ ಹಚ್ಚಿದೆವು, ದೀಪಗಳಿಗೆ ಹಚ್ಚಿದೆವು. ಮುಂದೆ ಬಂದರೆ ಬಾನೆಟ್ಟು ಬಾಯಿ ತೆರೆದು ನಿಂತಿದೆ.

"ಹೊಟ್ಟಿಗೂ ಹಚ್ಚರಿ, ಅದರಾಗ ಇರೂದ ಜೀವ," ಅಂದಳು ಗೌರಾ ಆಯಿ.

ಹೊಟ್ಟೆಗೂ ಹಚ್ಚಿದೆವು. ತಾಟಿನಲ್ಲಿದ್ದ ಕ್ಯಾಪಿಗೆ ಹಚ್ಚಿದೆವು. ಹಾವಿನ ಮರಿಗಳಂತೆ ಬಿದ್ದಿದ್ದ ಮೂರು ವಾಯರುಗಳನ್ನು ಒಂದೊಂದಾಗಿ ಎತ್ತಿ, ಮದುಮಗಳ ಕೈಗೆ ಹಚ್ಚುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ನೀವಿ ಹಚ್ಚಿದೆವು. ಅದರಲ್ಲಿ ಒಂದು ವಾಯರು ನನ್ನ ಕೈಯಲ್ಲಿತ್ತು.

ಶೇವಂತಕ್ಕ ಹೊರಗೆ ಬಂದಾಗ ಎರಡೂವರೆ. ತಾಟು ನೋಡಿದಳು. ಒಂದು ವಾಯರು ಎತ್ತಿ ತಿರುಗಿಸಿ ನೋಡಿದಳು. ಇನ್ನೊಂದು ಎತ್ತಿದಳು. ಮೂರೂ ಒಂದೇ ಹಳದಿ, ಮೂರೂ ಹೆಚ್ಚುಕಡಿಮೆ ಒಂದೇ ಉದ್ದ. ಕ್ಯಾಪು ಒಂದು ಬೇಸನ್ ಲಾಡಿನ ಹಾಗೆ ಕಂಡಿತು.

"ಯಾರು?" ಅಂದಳು.

ಏಳು ಜನರೂ ಗೌರಾ ಆಯಿಯನ್ನು ನೋಡಿದೆವು. ಗೌರಾ ಆಯಿ ಕರುವನ್ನು ನೋಡಿದಳು.

ಚಪ್ಪರದ ಮೇಲಿಂದ ಭರಮುವಿನ ನಗು ಮೊದಲು ಬಂತು, ಮಾತು ಆಮೇಲೆ. "ಇಪ್ಪತ್ತ ವರ್ಷ ಆತು ನಾ ಕಂಬ ಹತ್ತಾಕತ್ತು. ಕೆಂಪ ವಾಯರ್ ನೋಡೀನಿ, ನೀಲಿ ವಾಯರ್ ನೋಡೀನಿ. ವಾಯರಿಗೆ ಅರಿಷಿಣದ ಗುರ್ತ ಹಾಕಿದಾಕಿ ಅಂದ್ರ ನಿನ್ನೊಬ್ಬಾಕಿನ್ನ ನೋಡಿದ್ದು!"

"ನಗ, ನಗ. ಬಿದ್ದೀಯ ಮತ್ತ."

"ನಿಪ್ಪಾಣಿಗೆ ಫೋನ್ ಹಚ್ಚಲೇನ?"

"ನಾಕ ಹೊಡದಿಲ್ಲ ಇನ್ನ," ಅಂದಳು ಶೇವಂತಕ್ಕ. ದನಿಯಲ್ಲಿ ನಗುವಿತ್ತು. ಆದರೆ ವಾಯರು ಹಿಡಿದ ಬೆರಳುಗಳನ್ನು ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಅವು ಆಗಲೇ ಒಣಗಿದ್ದರೂ.

ಪ್ಲಗ್ಗುಗಳನ್ನು ಕೂಡಿಸಿದಳು. ಕ್ಯಾಪು ತೊಳೆದು, ಒಣಗಿಸಿ, ಬಿಗಿದಳು. ಆಮೇಲೆ ನೆಲದ ಮೇಲೆ ಕೂತು, ಅದೇ ಅರಿಶಿನದಲ್ಲಿ, ಒಂದು ಕಡೆ ಮೂರು ಬೊಟ್ಟು, ಇನ್ನೊಂದು ಕಡೆ ಮೂರು ಬೊಟ್ಟು ಇಟ್ಟಳು.

"ಮೂರ ಕೂಸು, ಮೂರ ಕುರ್ಚಿ," ಅಂದಳು ತನಗೇ ಅನ್ನುವ ಹಾಗೆ. "ಎಷ್ಟ ನಮೂನಿ ಕುಂದರಸಬಹುದು?"

"ಆರ, ಆತ್ಯಾ," ಅಂದಳು ಸಪನಾ. ತಲೆಯಿಂದ ಕಾಲಿನವರೆಗೆ ಹಳದಿಯಾಗಿ ಅವಳು ಯಾವಾಗಲೋ ಬಂದು ಡ್ರೈವರ್ ಸೀಟಿನಲ್ಲಿ ಕೂತಿದ್ದಳು. "ನಾ ಸೆಲ್ಫ್ ಹೊಡಿತೀನಿ. ನೀ ಹಾಕ."

"ಏ ಹುಡುಗಿ, ಇಳಿ!" ಗೌರಾ ಆಯಿ ಎದ್ದಳು. "ಅರಿಷಿಣ ಹಚ್ಚಿದ ಮ್ಯಾಲ ಮದುಮಗಳು ಮನಿ ದಾಟಬಾರ್ದು."

"ಗಾಡಿ ಅಂಗಳದಾಗ ಐತಿ ಆಯಿ. ಅಂಗಳ ಅಂದ್ರ ಮನೀನ."

ಕಾನೂನಿನಲ್ಲಿ ಇಂಥ ಒಂದು ಸಂದು ಇರುವುದು ಗೌರಾ ಆಯಿಗೂ ಗೊತ್ತಿರಲಿಲ್ಲ. ಕೂತುಬಿಟ್ಟಳು.

ಮೊದಲ ನಮೂನೆ ಹಾಕಿದಾಯಿತು. ಸಪನಾ ಕೀಲಿ ತಿರುವಿದಳು. ಸೆಲ್ಫು ಕಿರಿಕಿರಿ ಕಿರಿಕಿರಿ ಎಂದು ತಿರುಗಿತೇ ಹೊರತು ಎಂಜಿನ್ನು ಕಿವಿಗೊಡಲಿಲ್ಲ.

"ಒಂದು," ಎಂದು ನಾವು ಎಣಿಸಿದೆವು.

ಎರಡನೆಯ ನಮೂನೆ. ಕಿರಿಕಿರಿ, ಕಿರಿಕಿರಿ, ಒಂದು ಕ್ಷಣ ಮೌನ, ಆಮೇಲೆ ಸೈಲೆನ್ಸರಿನಿಂದ ಢಂ! ಬೇವಿನ ಮರದ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದವು. ಕರು ಗೂಟ ಕಿತ್ತುಕೊಂಡು ಚಪ್ಪರದೊಳಗೆ ನುಗ್ಗಿತು. ಭರಮು ಏಣಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಗೌರಾ ಆಯಿ ಹಿಂದೆ ಸರಿದು ಅರಿಶಿನದ ತಾಟಿನಲ್ಲಿ ಕೂತಳು. ಆಚೆ ಓಣಿಯಿಂದ ಯಾರೋ ಕೂಗಿ ಕೇಳಿದರು: "ಬೀಗ್ರು ಬಂದ್ರೇನ್ರಿ? ಗರ್ನಾಲ ಪಟಾಕಿ ಹೊಡದ್ರಲಾ!"

ನಮಗೆ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕೆವು. ಸಪನಾ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಕ್ಕಳು. ಅವಳ ಹಣೆ ಹಾರನ್ನಿಗೆ ತಾಗಿ ಅದೂ ಕೂಗಿತು. ಶೇವಂತಕ್ಕನೂ ನಕ್ಕಳು, ಆದರೆ ನಗುತ್ತಲೇ ಮೂರನೆಯ ನಮೂನೆ ಹಾಕುತ್ತಿದ್ದಳು. ಗಡಿಯಾರದಲ್ಲಿ ಮೂರು ಹತ್ತು.

ಮೂರನೆಯದಕ್ಕೆ ಎಂಜಿನ್ನು ಹಿಡಿಯಿತು. ಹಿಡಿಯಿತು ಅನ್ನುವುದಷ್ಟೇ. ಇಡೀ ಕಾರು ಒಂಟಿಕಾಲಿನ ಮೇಲೆ ಕುಂಟುವ ಹುಡುಗಿಯ ಹಾಗೆ ಅದುರಾಡಿತು, ಕೆಮ್ಮಿತು, ಹೊಗೆ ಬಿಟ್ಟಿತು.

"ಆಕ್ಸಲೇಟರ್ ಬಿಡಬ್ಯಾಡ!" ಶೇವಂತಕ್ಕ ಕೂಗಿದಳು. ಬಾನೆಟ್ಟಿನೊಳಗೆ ತಲೆ ಹಾಕಿ, ಕಣ್ಣು ಮುಚ್ಚಿ, ಕೇಳಿದಳು. ಅಳುವ ಮೂವತ್ತು ಮಕ್ಕಳಲ್ಲಿ ನಿಜವಾಗಿ ಪೆಟ್ಟಾದದ್ದು ಯಾವುದಕ್ಕೆ ಎಂದು ಹುಡುಕುವ ಕಿವಿ ಅದು. "ಒಂದ ಕೂಸು ಸರಿ ಕುರ್ಚಿ ಮ್ಯಾಲ ಐತಿ. ಉಳದ ಎರಡು ಅದಲು ಬದಲಾಗ್ಯಾವು. ಸರಿ ಇರೂದು ಯಾವ್ದು ಅಂತ ಗೊತ್ತಾದ್ರ ಆತು."

ಗೊತ್ತಾಗುವ ದಾರಿಯೂ ಅವಳಿಗೆ ಗೊತ್ತಿತ್ತು. ಓಡುವ ಎಂಜಿನ್ನಿನಿಂದ ಒಂದೊಂದೇ ವಾಯರು ಕೀಳಬೇಕು. ತಪ್ಪು ಜಾಗದಲ್ಲಿರುವುದನ್ನು ಕಿತ್ತರೆ ಎಂಜಿನ್ನಿಗೆ ಅದರ ಖಬರೂ ಇರುವುದಿಲ್ಲ. ಸರಿಯಾದದ್ದನ್ನು ಕಿತ್ತರೆ ಸತ್ತು ಹೋಗುತ್ತದೆ. ಆದರೆ ಆ ವಾಯರಿನಲ್ಲಿ ಹರಿಯುವ ಕರೆಂಟು ಬರಿಗೈಯಲ್ಲಿ ಹಿಡಿದವರನ್ನು ನಾಲ್ಕು ಮಾರು ಆಚೆ ಕೂಡಿಸುವಂಥದು. ಅವಳು ಸೆರಗನ್ನು ಕೈಗೆ ಸುತ್ತಿಕೊಳ್ಳತೊಡಗಿದಳು.

"ಏ, ಏ, ಏ!" ಏಣಿಯ ಮೆಟ್ಟಿಲುಗಳ ಮೇಲೆ ದಡದಡ ಸದ್ದಾಯಿತು. ಭರಮು ಕೆಳಗಿಳಿದು ಓಡಿಬಂದ. ಅವನ ಕೈಯಲ್ಲಿ ಮೊಣಕೈವರೆಗೆ ಬರುವ, ಅವನ ಕೆಲಸದ ದಪ್ಪ ರಬ್ಬರು ಗ್ಲೌಸು. "ಇವನ್ನ ಹಾಕ್ಕೋ. ಲಗ್ನದ ಮನ್ಯಾಗ ಶಾಕ್ ಹೊಡಿಸ್ಕೊಂಡ ಬಿದ್ದೀಯ ಎಲ್ಲರ."

"ನಾ ಬಿದ್ರ ನಿಪ್ಪಾಣಿ ಗಾಡಿ ಬರ್ತೈತಲ್ಲ. ನಿನಗ ಚಲೋನ ಆತು."

"ಬಾಯಿ ಮುಚ್ಚಿ ಹಾಕ್ಕೋ."

ಹಾಕಿಕೊಂಡಳು. ಮೊದಲ ವಾಯರು ಕಿತ್ತಳು. ಎಂಜಿನ್ನು ಮೊದಲಿನ ಹಾಗೇ ಕುಂಟುತ್ತಿತ್ತು. ಅದನ್ನು ತಿರುಗಿ ಚುಚ್ಚಿ ಎರಡನೆಯದು ಕಿತ್ತಳು. ಕುಂಟುತ್ತಿತ್ತು. ಮೂರನೆಯದನ್ನು ಕಿತ್ತದ್ದೇ ತಡ, ಗಕ್ಕೆಂದು ನಿಂತಿತು.

"ಇದ ನೋಡ ಸರಿ ಕೂಸು," ಅಂದಳು ಶೇವಂತಕ್ಕ, ಮೆಲ್ಲಗೆ.

ಅದನ್ನು ಅದರ ಜಾಗಕ್ಕೇ ಹಾಕಿ, ಉಳಿದೆರಡನ್ನು ಅದಲು ಬದಲು ಮಾಡಿದಳು. ಸಪನಾಳ ಕಡೆ ನೋಡಿ ತಲೆಯಾಡಿಸಿದಳು. ಕೀಲಿ ತಿರುಗಿತು. ಎಂಜಿನ್ನು ಒಂದೇ ಉಸಿರಿಗೆ ಎದ್ದಿತು. ಇಷ್ಟು ಹೊತ್ತು ಇವಳಿಗಾಗಿಯೇ ಕಾದಂತೆ, ಮೂರೂ ಸಿಲಿಂಡರು ಒಂದೇ ದನಿಯಲ್ಲಿ ಗುನುಗಿದವು. ಶೇವಂತಕ್ಕ ಸ್ಕ್ರೂ ಡ್ರೈವರಿನಿಂದ ಕಾರ್ಬೊರೇಟರಿನ ಒಂದು ಸ್ಕ್ರೂವನ್ನು ಕಾಲು ಸುತ್ತು ಹಿಂದೆ, ಅದರ ಅರ್ಧದಷ್ಟು ಮುಂದೆ ತಿರುವಿದಳು. ಗುನುಗು ಇನ್ನಷ್ಟು ಸಣ್ಣದಾಯಿತು, ಇನ್ನಷ್ಟು ಇಂಪಾಯಿತು. ನಾವೆಲ್ಲ ಕೂಗಿದ ಕೂಗಿಗೆ ಕರು ಎರಡನೆಯ ಸಲ ಓಡಿತು.

"ಇದು ಅಂಗಳದ ಮಾತಾತು," ಅಂದ ಭರಮು, ಕೈಗಡಿಯಾರ ನೋಡುತ್ತ. "ಸೇತುವೆ ಇನ್ನ ದೂರ ಐತಿ."

ನಾಲ್ಕಕ್ಕೆ ಐದು ನಿಮಿಷವಿರುವಾಗ ಹೊರಟೆವು. ಮುಂದೆ ಭರಮು, ಹಿಂದೆ ನಾನು ಮತ್ತು ಗೌರಾ ಆಯಿ, ಸೀರೆಯ ಹಿಂಭಾಗಕ್ಕೆಲ್ಲ ಅರಿಶಿನ ಮೆತ್ತಿದ್ದರಿಂದ ಅವಳ ಕೆಳಗೊಂದು ಗೋಣಿಚೀಲ. ಸಪನಾ ಅಂಗಳದ ಗೇಟಿನವರೆಗೆ ಬಂದು ಅಲ್ಲೇ ನಿಂತಳು. ಅವಳ ಹೆಬ್ಬೆರಳ ತುದಿ ಸರಿಯಾಗಿ ಹೊಸ್ತಿಲ ಕಲ್ಲಿನ ಅಂಚಿನಲ್ಲಿತ್ತು.

ಮೊದಲ ಮೂರು ಕಿಲೋಮೀಟರು ಎಡಬಲಕ್ಕೆ ಕಬ್ಬು, ಕೊಯ್ದ ಹೊಲಗಳಲ್ಲಿ ಬೆಳಕು ನೆಲದವರೆಗೆ ಇಳಿದಿತ್ತು, ಕೊಯ್ಯದವುಗಳಲ್ಲಿ ಗರಿಗಳ ತುದಿಗೇ ನಿಂತಿತ್ತು. ಕಾರು ಹಗುರಾಗಿ ಓಡಿತು. ಸಾಖರಪುಡಿಯ ದಿನ ಅದು ಕೆಮ್ಮಿ ನಿಂತ ಜಾಗ ಬಂದಾಗ ಭರಮು ಉಸಿರು ಬಿಗಿಹಿಡಿದದ್ದು ಹಿಂದಿನ ಸೀಟಿಗೂ ತಿಳಿಯಿತು. ಜಾಗ ಹಿಂದೆ ಸರಿಯಿತು. ಗೌರಾ ಆಯಿ ಒಂದು ಹಾಡು ಶುರುಮಾಡಿದಳು.

ಆಮೇಲೆ ನಮ್ಮ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಅದಕ್ಕೆ ಎರಡು ಟ್ರೇಲರು, ರಸ್ತೆ ತುಂಬ ಕಬ್ಬು. ಹಾಡಿನ ಡಬ್ಬಾ ಜೋರು. ಅದನ್ನು ಹೊಡೆಯುವವನಿಗೆ ಹಾರನ್ನು ಕೇಳುವ ಆಸೆಯೇ ಇರಲಿಲ್ಲ. ಶೇವಂತಕ್ಕ ಮೊದಲ ಗೇರ್ ಹಾಕಿ ಅದರ ಹಿಂದೆ ತೆವಳಿದಳು. ಭರಮುವಿನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಬಂದ್ ಬೀಳ್ತೈತಿ ನೋಡ ಈಗ," ಅಂದ.

"ನಿನ್ನ ಬಾಯಾಗ ಮಣ್ಣ."

ಎಂಜಿನ್ನು ನಿಲ್ಲಲಿಲ್ಲ. ಒಂದು ತಿರುವಿನಲ್ಲಿ ಟ್ರ್ಯಾಕ್ಟರು ಬದಿಗೆ ಸರಿದದ್ದೇ ಶೇವಂತಕ್ಕ ಸುಯ್ಯನೆ ಮುಂದೆ ಹೋದಳು. ಸೇತುವೆ ಕಂಡಿತು. ಕೆಳಗೆ ದೂಧಗಂಗೆ ಸಣ್ಣಗೆ ಹೊಳೆಯುತ್ತಿದ್ದಳು. ಸೇತುವೆಯ ಈಚೆ, ಟ್ರ್ಯಾಕ್ಟರುಗಳು ತಿರುಗಿಸಿಕೊಳ್ಳುವ ಒಂದು ಅಗಲ ಬಯಲಿದೆ, ಮೂಲೆಯಲ್ಲೊಂದು ಚಹಾದ ಅಂಗಡಿ. ಅಲ್ಲಿ ತಿರುಗಿದರೆ ಅರ್ಧ ಪಂದ್ಯ ಮುಗಿದಂತೆ. ಶೇವಂತಕ್ಕ ಬಯಲಿಗೆ ಇಳಿಸಿದಳು.

ಬಯಲಿನ ನಟ್ಟನಡುವೆ, ಜರಿಯ ರುಮಾಲು ಸುತ್ತಿ, ಕೈಯಲ್ಲಿ ಬಾಸಿಂಗದ ಪೆಟ್ಟಿಗೆ ಹಿಡಿದು ನಿಂತವರು ಭಾವುಸಾಹೇಬರು. ಮದುಮಗನ ತಂದೆ.

"ನಿಲ್ಸ!" ಭರಮು ಸೀಟಿನಿಂದ ಎದ್ದೇಬಿಟ್ಟ. "ಬೀಗ್ರು ನಿಂತಾರ, ನಿಲ್ಸ!"

"ಎಲ್ಲೂ ನಿಲ್ಲಬಾರ್ದಂತ ಹೇಳಿದಾಂವ ಯಾರು?"

"ಅದ ಬ್ಯಾರೆ, ಇದ ಬ್ಯಾರೆ!"

"ನಿಲ್ಸಿದ್ರ ಆಮ್ಯಾಲ ಸೋತಿ ಅಂತಿ."

"ಅನ್ನಂಗಿಲ್ಲ!"

"ಅಂತಿ. ಸಣ್ಣವ್ರಿದ್ದಾಗಿನ ಗೋಟಿ ಆಟದಾಗಿಂದ ನೋಡೀನಿ ನಿನ್ನ."

ಭಾವುಸಾಹೇಬರು ಆಗಲೇ ನಮ್ಮನ್ನು ಗುರುತಿಸಿ ಕೈ ಎತ್ತಿದ್ದರು. ಲಗ್ನದ ಮುನ್ನಾದಿನ ಬೀಗರನ್ನು ಕಂಡೂ ಮುಂದೆ ಹೋಗುವುದು ಸಾಧ್ಯವಿಲ್ಲದ ಮಾತು. ನಿಲ್ಲುವುದೂ ಸಾಧ್ಯವಿಲ್ಲದ ಮಾತು. ಶೇವಂತಕ್ಕ ಎರಡೂ ಮಾಡಲಿಲ್ಲ. ಸ್ಟೇರಿಂಗು ಪೂರ್ತಿ ಬಲಕ್ಕೆ ಎಳೆದು ಭಾವುಸಾಹೇಬರ ಸುತ್ತ ಪ್ರದಕ್ಷಿಣೆ ಶುರುಮಾಡಿದಳು.

ಭರಮುಗೆ ಬೇರೆ ದಾರಿಯಿರಲಿಲ್ಲ. ಬೀಗರು ಬಲಕ್ಕೆ, ಅವನು ಕೂತದ್ದು ಎಡಕ್ಕೆ. ತಂಗಿಯ ತೊಡೆಯ ಮೇಲೆ ಬಾಗಿ, ಅವಳ ಕಿಟಕಿಯಿಂದ ತಲೆ ತೂರಿಸಿ ಕೈ ಮುಗಿದ. "ನಮಸ್ಕಾರ್ರೀ ಭಾವುಸಾಹೇಬ್ರ!"

"ನಮಸ್ಕಾರ್ರೀ. ಎಲ್ಲಿ ಹೊಂ—" ಕಾರು ಅವರ ಬೆನ್ನ ಹಿಂದೆ ಹೋಯಿತು. ಭಾವುಸಾಹೇಬರು ಪೆಟ್ಟಿಗೆ ಸಮೇತ ತಿರುಗಿದರು. "ಎಲ್ಲಿ ಹೊಂಟೀರಿ?"

"ಹಿಂಗ ಸುಮ್ನ ಬಂದಿದ್ವಿರಿ!"

"ಬ್ರೇಕ್ ಹತ್ತವಲ್ದೇನ್ರಿ?"

"ಬ್ರೇಕ್ ಐತ್ರಿ! ನಮ್ಮ ತಂಗಿ ನಿಲ್ಸವಲ್ಲಳ್ರಿ!"

"ಯಾಕ್ರೀ?"

ಅದಕ್ಕೆ ಉತ್ತರ ಎರಡನೆಯ ಸುತ್ತಿನಲ್ಲಿ ಬಂತು, ತುಂಡು ತುಂಡಾಗಿ: ನಿಪ್ಪಾಣಿಯ ಗಾಡಿ, ನಾಲ್ಕು ಗಂಟೆ, ಸೇತುವೆ, ಶರತ್ತು. ನಡುವೆ ಗೌರಾ ಆಯಿ ಹಿಂದಿನ ಕಿಟಕಿಯಿಂದ ತನ್ನ ಪಾಲಿನ ಸಂಗತಿಗಳನ್ನು ಸೇರಿಸಿದಳು, ಕರು ಓಡಿದ್ದನ್ನು ಮೊದಲು ಮಾಡಿ. ಭಾವುಸಾಹೇಬರು ನಮ್ಮ ಜೊತೆಗೇ ನಿಂತಲ್ಲಿ ತಿರುಗುತ್ತಿದ್ದರು. ಅವರ ರುಮಾಲಿನ ತುದಿ ಬಿಚ್ಚಿ ಗಾಳಿಗೆ ಹಾರುತ್ತಿತ್ತು. ಚಹಾದಂಗಡಿಯವರೆಲ್ಲ ಹೊರಗೆ ಬಂದು ಸಾಲಾಗಿ ನಿಂತಿದ್ದರು.

ಮೂರನೆಯ ಸುತ್ತಿನಲ್ಲಿ ಅವರು ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ಮುಖ ಗಂಭೀರ ಮಾಡಿ ಕೇಳಿದರು: "ಅಂದ್ರ ನಾಳೆ ನಮ್ಮ ಸೊಸಿನ್ನ ಕಾರ್ಯಾಲಯಕ್ಕ ತರಾವ್ರು ಇವ್ರನ ಏನ್ರಿ?"

ಶೇವಂತಕ್ಕ ಅಣ್ಣನ ಕಡೆ ನೋಡಲಿಲ್ಲ. ಅವಳ ಕಣ್ಣು ನೆಲದ ಮೇಲೆ ತನ್ನದೇ ಚಕ್ರಗಳು ಬರೆದ ವೃತ್ತದ ಮೇಲಿತ್ತು. ಭರಮು ಒಂದು ಪೂರ್ತಿ ಅರ್ಧ ಸುತ್ತು ಯೋಚಿಸಿದ. ಬೀಗರ ಬೆನ್ನು ದಾಟಿತು, ಚಹಾದಂಗಡಿ ದಾಟಿತು, ಹೊಳೆ ದಾಟಿತು. ಎಂಜಿನ್ನು ಒಂದೇ ಸಮನೆ ಗುನುಗುತ್ತಿತ್ತು.

"ಹೌದ್ರೀ!" ಎಂದು ಅವನು ಕೂಗಿದ. ಕೂಗುವ ಅಗತ್ಯವಿರಲಿಲ್ಲ, ಭಾವುಸಾಹೇಬರು ಎರಡು ಮಾರು ದೂರದಲ್ಲಿದ್ದರು. "ನಮ್ಮ ತಂಗೀನ ತರ್ತಾಳ್ರಿ! ಆಕಿನ್ನ ಬಿಟ್ಟ ಮತ್ಯಾರ ತರ್ತಾರ್ರಿ!"

ಬೀಗರಿಗೆ ಕೊಟ್ಟ ಮಾತು. ಅದಕ್ಕೆ ಸಾಕ್ಷಿ ಒಂದು ಚಹಾದಂಗಡಿ ಪೂರ್ತಿ.

ಆಗ ಶೇವಂತಕ್ಕ ನಿಲ್ಲಿಸಿದಳು.

ಭಾವುಸಾಹೇಬರು ನಗುತ್ತ ಬಂದು ಬಾನೆಟ್ಟಿಗೆ ಒರಗಿದರು. ಅವರಿಗೆ ತಲೆ ತಿರುಗುತ್ತಿತ್ತು. ಐದು ಕಪ್ಪು ಚಹಾ ಬಂತು. ಭರಮು ಫೋನು ತೆಗೆದು ದೂರ ಹೋಗಿ, ನಿಪ್ಪಾಣಿಯವನಿಗೆ ಗಾಡಿ ಬೇಡವೆಂದು ಹೇಳಿ ಬಂದ. ಎಂಜಿನ್ನು ಇನ್ನೂ ಚಾಲೂ ಇತ್ತು. ಶೇವಂತಕ್ಕ ಬಂದ್ ಮಾಡಿರಲಿಲ್ಲ. ಕಿಟಕಿಯಲ್ಲೇ ಬಸಿಕಪ್ಪು ಹಿಡಿದಿದ್ದಳು. ಚಹಾ ತುಳುಕಿ ಬಸಿಯಲ್ಲಿ ನಿಂತಿತ್ತು.

"ರೇಸ್ ಜಾಸ್ತಿ ಆಗೈತಿ ನೋಡ," ಅಂದ ಭರಮು. "ಚಾ ತುಳಕಾಕತ್ತೈತಿ. ಆ ಸ್ಕ್ರೂ ಇನ್ನಷ್ಟ ತಿರವ."

"ಗಾಡಿ ಸರಿ ಐತಿ ಅಣ್ಣಾ," ಅಂದಳು. "ಕೈ ನಂದು."

ಭರಮು ಬಸಿಯ ಕೆಳಗೆ ತನ್ನ ಅಂಗೈ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಹಾಗೇ ನಿಂತ.

ತಿರುಗಿ ಬಂದಾಗ ಐದು ದಾಟಿತ್ತು. ಸಪನಾ ಗೇಟಿನ ಕಲ್ಲಿನ ಮೇಲೆ ಹೋದಾಗ ನಿಂತಲ್ಲೇ ನಿಂತಿದ್ದಳು. ಅರಿಶಿನ ಒಣಗಿ, ಮುಖದ ಮೇಲೆ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು.

ಶೇವಂತಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ನಾಳೆ ಮುಂಜಾನೆ ಏಳಕ್ಕ ಹೊಂಟಬಿಡ್ತೀನಿ ನೋಡ. ಜಡಿ ಮ್ಯಾಲ ಹೂವ ಎತ್ತರ ಕಟ್ಟಿಸ್ಕೋಬ್ಯಾಡ. ನಮ್ಮ ಗಾಡಿ ಮಾಡ ತಗ್ಗ ಐತಿ."